ಮೇಲಿನ ಹಲ್ಲು

ಬಾಳೂರಿನ ಧರ್ಮೇಶನ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿತ್ತು, ಮಾತು ನಿಲ್ಲುತ್ತಿರಲಿಲ್ಲ. ಮಗಳು ಹುಟ್ಟಿದ ಮೇಲಂತೂ ಅವನು ಓಡಿಸುವ ಎಸ್ಟೇಟ್ ಜೀಪು ನಡೆಯುವುದು ಡೀಸೆಲ್ಲಿನಿಂದಲೋ ಧನ್ಯಶ್ರೀಯ ಸುದ್ದಿಯಿಂದಲೋ ಎಂದು ಅನುಮಾನ ಬರುವ ಹಾಗಾಗಿತ್ತು. ಕಾಫಿ ಹಣ್ಣು ಕೊಯ್ಯುವ ಹೆಂಗಸರನ್ನು ಬೆಳಿಗ್ಗೆ ಹತ್ತಿಸಿಕೊಂಡು ತೋಟಕ್ಕೆ ಹೊರಟರೆ, ಮೊದಲ ತಿರುವು ಬರುವ ಮುಂಚೆಯೇ ಮಗಳು ಎಷ್ಟು ಸಲ ಎದ್ದಳು, ಎದ್ದು ಯಾರ ಮೂಗು ಹಿಡಿದಳು, ಏನು ಕಕ್ಕಿದಳು ಎಲ್ಲ ಹೇಳಿ ಮುಗಿಸಿರುತ್ತಿದ್ದ. ಜೀಪಿನ ಹಿಂದೆ ಕೂತ ಹೆಂಗಸರೆಲ್ಲ ನಾಲ್ಕಾರು ಹೆತ್ತವರು. ಆದರೂ ಮಗು ಎಂಬುದನ್ನು ಜಗತ್ತಿನಲ್ಲಿ ಮೊದಲು ಕಂಡುಹಿಡಿದವನು ತಾನೇ ಎಂಬ ಧಾಟಿಯಲ್ಲಿ ಅವನು ಹೇಳುವುದನ್ನು ಅವರು ಖುಷಿಯಿಂದಲೇ ಕೇಳುತ್ತಿದ್ದರು.

ಮಗು ಮೊದಲ ಸಲ ಮಗುಚಿಕೊಂಡ ದಿನ ಅವನು ಜೀಪಿನವರಿಗೆಲ್ಲ ಮಂಜಯ್ಯನ ಹೋಟೆಲಿನಲ್ಲಿ ಗೋಳಿಬಜೆ ಕೊಡಿಸಿದ. ಕೂತ ದಿನ ಅರ್ಧ ದಿನದ ರಜೆ ಕೇಳಿ ಎಸ್ಟೇಟಿನ ಹಾಜರಿ ಬರೆಯುವ ರೈಟರ್ ಹತ್ತಿರ ಬೈಸಿಕೊಂಡ. ಅಂಬೆಗಾಲಿಡಲು ಹೊರಟವಳು ಮುಂದೆ ಹೋಗುವ ಬದಲು ಹಿಂದಕ್ಕೆ ಜಾರಿ ಜಾರಿ ಮಂಚದ ಕೆಳಗೆ ಸೇರಿಕೊಂಡಾಗ ಬೇರೆ ಅಪ್ಪಂದಿರಾಗಿದ್ದರೆ ಚಿಂತೆ ಮಾಡುತ್ತಿದ್ದರು. ಧರ್ಮೇಶ ಅದನ್ನೂ ವಿಡಿಯೋ ಮಾಡಿ ವಾಟ್ಸಾಪ್ ಸ್ಟೇಟಸ್ಸಿಗೆ ಹಾಕಿ, "ರಿವರ್ಸ್ ಮೊದ್ಲು ಕಲ್ತಿದಾಳೆ ನೋಡಿ. ಡ್ರೈವಿಂಗ್‌ನಲ್ಲಿ ಅದೇ ಕಷ್ಟ ಇರೋದು" ಎಂದು ಕಂಡಕಂಡವರಿಗೆ ಹೇಳಿಕೊಂಡು ಬಂದ.

ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ಜನ ನಕ್ಕರು. ಆದರೆ ನ್ಯಾಯವಾಗಿ ಹೇಳಬೇಕೆಂದರೆ ಹುಡುಗಿಯೂ ಸಾಮಾನ್ಯಳಲ್ಲ. ಯಾರಾದರೂ ಕೆನ್ನೆ ಹಿಂಡಿ ಮುದ್ದು ಮಾಡಲು ಬಂದರೆ ಹುಬ್ಬು ಗಂಟಿಕ್ಕಿ, ಕೆಲಸ ಕೇಳಿಕೊಂಡು ಬಂದವರನ್ನು ಮೇನೇಜರ್ ನೋಡುವ ಹಾಗೆ ಮೇಲಿಂದ ಕೆಳಗೆ ನೋಡುತ್ತಿದ್ದಳು. ಗಂಭೀರವಾಗಿ ಇರುವವರನ್ನು ಕಂಡರೆ ಮಾತ್ರ ಅವಳಿಗೆ ತಡೆಯಲಾಗದ ನಗು. ಎಸ್ಟೇಟಿನ ಧಣಿಗಳು ಒಮ್ಮೆ ಗೊಬ್ಬರದ ರೇಟಿನ ಬಗ್ಗೆ ಸಿಟ್ಟಿನಿಂದ ಮಾತಾಡುತ್ತಿದ್ದಾಗ ಅವರ ಮೀಸೆಯನ್ನೇ ನೋಡುತ್ತಾ ಬಿದ್ದು ಬಿದ್ದು ನಕ್ಕಳು. ಕೊನೆಗೆ ಅವರಿಗೂ ನಗು ಬಂದು ಗೊಬ್ಬರದ ಮಾತು ಅಲ್ಲಿಗೇ ನಿಂತಿತು. ಯಾರಾದರೂ ಸೀನಿದರಂತೂ ಕೇಳುವುದೇ ಬೇಡ. ಬಾಯಿ ಅಷ್ಟಗಲ ಮಾಡಿ, ಕಣ್ಣು ಮುಚ್ಚಿ, ಮೈಯೆಲ್ಲ ಕುಲುಕಿಸಿ ಕೇಕೆ ಹಾಕುತ್ತಿದ್ದಳು.

ಇಂಥ ಬಾಯಿಯೊಳಗೆ ಒಂದು ಭಾನುವಾರ ಬೆಳಿಗ್ಗೆ ಧರ್ಮೇಶ ಆಟಕ್ಕೆಂದು ಬೆರಳಿಟ್ಟ. ಅಕ್ಕಿನುಚ್ಚಿನಂಥ ಚೂಪಾದ್ದೇನೋ ಕೈಗೆ ತಾಗಿತು.

"ಅರುಣಾ! ಹಲ್ಲು! ಹಲ್ಲು ಬಂತು ಕಣೇ!" ಎಂದು ಕೂಗಿ, ಹೆಂಡತಿ ಅಡುಗೆಮನೆಯಿಂದ ಬರುವಷ್ಟರಲ್ಲಿ ಫೋನು ತೆಗೆದು ಮಗಳ ಬಾಯಿಯ ಫೋಟೋ ಹೊಡೆಯಲು ಶುರುಮಾಡಿದ. ಅರುಣಾ ಕೈ ಒರೆಸಿಕೊಂಡು ಬಂದು, ನಗುತ್ತಲೇ ಮಗುವಿನ ತುಟಿ ಎತ್ತಿ ನೋಡಿದಳು. ಅವಳ ನಗು ಅರ್ಧಕ್ಕೇ ಆರಿತು. ಗಂಡನ ಕೈಯಿಂದ ಫೋನು ಕಿತ್ತುಕೊಂಡಳು.

"ರೀ, ಇದು ಮೇಲಿಂದು."

"ಮೇಲಿಂದಾದ್ರೇನು, ಹಲ್ಲಲ್ವಾ?" ಎಂದವನು ಮರುಗಳಿಗೆಯಲ್ಲೇ ನೆನಪಾಗಿ ನಾಲಿಗೆ ಕಚ್ಚಿಕೊಂಡ.

ಮಗುವಿನ ಮೊದಲ ಹಲ್ಲು ಕೆಳಗೆ ಬರಬೇಕು, ಮೇಲೆ ಬಂದರೆ ಸೋದರಮಾವನಿಗೆ ಕಂಟಕ ಎಂದು ಹಳಬರು ಹೇಳುತ್ತಾರೆ. ಧನ್ಯಶ್ರೀಗೆ ಇದ್ದ ಸೋದರಮಾವ ಒಬ್ಬನೇ ಒಬ್ಬ, ಅರುಣಾಳ ತಮ್ಮ ಗಿರಿ. ಆಲ್ದೂರಿನಲ್ಲಿ ಕಾಫಿ ವ್ಯಾಪಾರಿಯೊಬ್ಬರ ಅಂಗಡಿಯಲ್ಲಿ ಮೂಟೆ ತೂಗುವ ಕೆಲಸ. ಮೂಟೆ ಎತ್ತಿ ಎತ್ತಿ ಮೈ ಕಲ್ಲಿನ ಹಾಗಿತ್ತು. ಆದರೆ ತಾನು ಆರೋಗ್ಯವಾಗಿದ್ದೇನೆ ಎಂಬುದನ್ನು ಅವನಿಗೆ ನಂಬಿಸಲು ಯಾವ ಡಾಕ್ಟರಿಂದಲೂ ಆಗಿರಲಿಲ್ಲ. ಕೆಮ್ಮು ಬಂದರೆ ಕ್ಷಯ, ಹೊಟ್ಟೆ ಉಬ್ಬರಿಸಿದರೆ ಹಾರ್ಟು. ಶಕುನದ ಭಯ ಇದಕ್ಕಿಂತ ಒಂದು ಕೈ ಮೇಲು. ಮೊದಲು ನೋಡಿದ ಸಂಬಂಧ ದಾರಿಯಲ್ಲಿ ಬೆಕ್ಕು ಅಡ್ಡ ಬಂದಿದ್ದಕ್ಕೆ ಅಲ್ಲಿಗೇ ನಿಂತಿತು. ಎರಡನೆಯ ಹುಡುಗಿಯನ್ನು ಇವನು, "ನಿಮ್ಮೂರಿಗೆ ಆಂಬುಲೆನ್ಸ್ ಬರೋಕೆ ಎಷ್ಟು ಹೊತ್ತಾಗತ್ತೆ?" ಎಂದು ಕೇಳಿದ್ದಕ್ಕೆ ಅವಳೇ ಎದ್ದು ಒಳಗೆ ಹೋದಳು.

ಈಗ ಹೋಟೆಲಿನ ಮಂಜಯ್ಯ ತನ್ನ ನೆಂಟರ ಪೈಕಿಯ ಒಂದು ಸಂಬಂಧ ತಂದಿದ್ದ. ಹುಡುಗಿ ಪವಿತ್ರಾ, ಕಳಸದ ಮೆಡಿಕಲ್ ಶಾಪಿನಲ್ಲಿ ಕೆಲಸಕ್ಕಿದ್ದಳು. ಇದನ್ನು ಕೇಳಿದ್ದೇ ತಡ, ಗಿರಿ ಜಾತಕವನ್ನೂ ಕೇಳದೆ ಒಪ್ಪಿಬಿಟ್ಟಿದ್ದ. ತಂದೆತಾಯಿ ಇಲ್ಲದ ಅವನಿಗೆ ಅಕ್ಕನ ಮನೆಯೇ ಮನೆ. ಹುಡುಗಿಯ ಅಜ್ಜಿ ತಿಮ್ಮಮ್ಮ ಇನ್ನೆರಡು ವಾರ ಬಿಟ್ಟು ಬಾಳೂರಿಗೇ ಬಂದು, ಮನೆ-ಮಂದಿ ನೋಡಿ ಮಾತು ಮುಗಿಸುವುದೆಂದು ತೀರ್ಮಾನವಾಗಿತ್ತು. ಆ ಮನೆಯಲ್ಲಿ ತಿಮ್ಮಮ್ಮ ಹೇಳಿದ್ದೇ ಮಾತು. ಪಂಚಾಂಗ ನೋಡದೆ ಆಕೆ ತಲೆಗೆ ಎಣ್ಣೆಯನ್ನೂ ಹಚ್ಚುವವಳಲ್ಲ.

"ಗಿರಿಗೆ ಗೊತ್ತಾದ್ರೆ ಇವತ್ತೇ ಹಾಸಿಗೆ ಹಿಡೀತಾನೆ" ಎಂದಳು ಅರುಣಾ. "ಅವರಿಗೆ ಗೊತ್ತಾದ್ರೆ, ಕಂಟಕ ಇರೋನಿಗೆ ಹೆಣ್ಣು ಯಾರು ಕೊಡ್ತಾರೆ? ಇದೂ ತಪ್ಪಿದ್ರೆ ಅವನಿಗೆ ಇನ್ನು ಮದುವೆ ಇಲ್ಲ. ಕೆಳಗಿನ ಹಲ್ಲು ಬರೋವರೆಗೂ ನೀವು ಬಾಯಿ ಬಿಡೋ ಹಂಗಿಲ್ಲ. ಅತ್ತೆ ಹತ್ರಾನೂ ಹೇಳ್ಬೇಡಿ."

"ನಾನು ಹೇಗೆ ಸುಮ್ನಿರ್ಲಿ ಮಾರಾಯ್ತಿ? ಮೊದಲ್ನೇ ಹಲ್ಲು!"

"ಸಾವಿರ ಸುಳ್ಳು ಹೇಳಿ ಒಂದು ಮದುವೆ ಮಾಡು ಅಂತಾರೆ. ನಿಮಗೆ ಒಂದು ನಿಜ ಮುಚ್ಚಿಡೋಕಾಗಲ್ವಾ?"

ಧರ್ಮೇಶನಿಗೆ ಹಲ್ಲಿನ ಕಂಟಕದಲ್ಲಿ ಅಂಥ ನಂಬಿಕೆಯೇನೂ ಇರಲಿಲ್ಲ. ಆದರೆ ಗಿರಿಯ ಮೇಲೆ ಪ್ರೀತಿ ಇತ್ತು. ಅರುಣಾಳ ಹೆರಿಗೆಯ ದಿನ ಆಸ್ಪತ್ರೆಯ ವರಾಂಡದಲ್ಲಿ ತಲೆ ತಿರುಗಿ ಬಿದ್ದು, ನರ್ಸುಗಳಿಗೆ ಬಾಣಂತಿಗಿಂತ ಹೆಚ್ಚು ಕೆಲಸ ಕೊಟ್ಟಿದ್ದರೂ, ಎದ್ದ ಕೂಡಲೇ "ಅಕ್ಕ ಹೇಗಿದಾಳೆ?" ಎಂದು ಕೇಳಿದವನು ಅವನು. ಅಂಥವನು ಒಂಟಿಯಾಗಿ ಮಾತ್ರೆ ನುಂಗುತ್ತ ಮುದುಕನಾಗುವುದು ಬೇಡ ಎಂದುಕೊಂಡು, ಧರ್ಮೇಶ ಮಗಳ ತಲೆ ಮುಟ್ಟಿ ಮಾತು ಕೊಟ್ಟ.

ಮಾರನೆಯ ಬೆಳಿಗ್ಗೆ ಜೀಪು ಹತ್ತಿದ ನಂಜಮ್ಮ ಎಂದಿನಂತೆ ಕೇಳಿದಳು, "ಏನ್ ಧರ್ಮೇಶಣ್ಣ, ಪುಟ್ಟಿ ಏನ್ ಮಾಡ್ತು ನಿನ್ನೆ?"

"ಏನಿಲ್ಲ."

ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ತೋಟ ಮುಟ್ಟುವವರೆಗೂ ಅವನು ತುಟಿ ಬಿಚ್ಚಲಿಲ್ಲ. ಮಗಳ ಬಗ್ಗೆ ಒಂದೇ ಒಂದು ಮಾತು ಆಡಿದರೂ ಅದರ ಬಾಲ ಹಿಡಿದು ಹಲ್ಲು ಹೊರಬರುತ್ತದೆಂದು ಅವನಿಗೆ ಗೊತ್ತಿತ್ತು. ಆದ್ದರಿಂದ ಪೂರ್ತಿ ಬೀಗ. ಸ್ಟೇಟಸ್ಸಿನಲ್ಲಿ ಮಗಳ ಜಾಗಕ್ಕೆ ಸೂರ್ಯೋದಯದ ಫೋಟೋ ಹಾಕಿ "ಶುಭ ಮುಂಜಾನೆ" ಎಂದು ಬರೆದ. ತಾನು ಬಹಳ ಚೆನ್ನಾಗಿ ಗುಟ್ಟು ಕಾಯುತ್ತಿದ್ದೇನೆ ಎಂದು ತನ್ನ ಬೆನ್ನನ್ನು ತಾನೇ ತಟ್ಟಿಕೊಂಡ. ಊರು ಆ ಸೂರ್ಯೋದಯ ನೋಡಿ ಗಾಬರಿಯಾಯಿತು.

ವಾರ ಕಳೆಯುವಷ್ಟರಲ್ಲಿ ನಂಜಮ್ಮನಿಗೆ ತಡೆಯಲಾಗಲಿಲ್ಲ. "ಅಣ್ಣಾ, ಪುಟ್ಟಿಗೆ ಹಲ್ಲು ಬಂತಾ?" ಎಂದು ಕೇಳಿಯೇಬಿಟ್ಟಳು.

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗಾಯಿತು. ಧರ್ಮೇಶ ನಡುರಸ್ತೆಯಲ್ಲಿ ಬ್ರೇಕ್ ಒತ್ತಿದ. ಹಿಂದಿದ್ದವರು ಒಬ್ಬರ ಮೇಲೊಬ್ಬರು ಬಿದ್ದರು. "ಯಾರು ಹೇಳಿದ್ದು? ಬಂದಿಲ್ಲ! ಮೇಲೂ ಬಂದಿಲ್ಲ, ಕೆಳಗೂ ಬಂದಿಲ್ಲ. ಎಲ್ಲೂ ಬಂದಿಲ್ಲ!" ಎಂದು ಕೂಗಿದ. ಮೊದಲ ಹಲ್ಲು ಬಂದಿಲ್ಲವೆಂದು ತನ್ನ ಬಾಯಿಯಿಂದಲೇ ಹೇಳಬೇಕಾಯಿತಲ್ಲ ಎಂಬ ಸಂಕಟಕ್ಕೆ ಕೊನೆಯ ಮಾತಿನ ಹೊತ್ತಿಗೆ ಕಣ್ಣಲ್ಲಿ ನೀರು ಬಂತು. ಹೆಂಗಸರು ಅದನ್ನು ನೋಡಿದರು.

ಅಲ್ಲಿಗೆ ಮುಗಿಯಿತು. ಮಗುವಿಗೆ ಹಲ್ಲು ಬಂದಿಲ್ಲವಂತೆ ಎಂದು ಹೊರಟ ಮಾತು, ಮೂಳೆಯಲ್ಲೇ ಶಕ್ತಿ ಇಲ್ಲವಂತೆ ಎಂದಾಯಿತು. ಮಂಜಯ್ಯನ ಹೋಟೆಲಿಗೆ ಬರುವಷ್ಟರಲ್ಲಿ ಕೂತ ಮಗು ಕೂರುವುದು ಬಿಟ್ಟಿತ್ತು. ಅಲ್ಲಿಂದ ಬಸ್ಸು ಹತ್ತಿ ಕಳಸ ಮುಟ್ಟುವಾಗ ನಗುವುದನ್ನೂ ಬಿಟ್ಟಿತು. ಯಾರೋ ರಾಗಿ ಸರಿ ಕಳಿಸಿದರು. ಇನ್ಯಾರೋ ಹೊರನಾಡಿಗೆ ಹೋದವರು ಪ್ರಸಾದ ತಂದು, ಏನೂ ಮಾತಾಡದೆ ಧರ್ಮೇಶನ ಭುಜ ಒತ್ತಿ ಹೋದರು. ಧಣಿಗಳು ಕರೆಸಿ, "ಚಿಕ್ಕಮಗಳೂರಲ್ಲಿ ಒಳ್ಳೆ ಡಾಕ್ಟರಿದಾರೆ, ನನ್ನ ಕಾರೇ ತಗೊಂಡು ಹೋಗು" ಎಂದರು. ಧರ್ಮೇಶ ಎಲ್ಲದಕ್ಕೂ ತಲೆಯಾಡಿಸಿದ. ಬಾಯಿ ಬಿಟ್ಟರೆ ತಾನೇ ಕಷ್ಟ?

ಮನೆಯಲ್ಲಿ ಇನ್ನೊಂದು ವಿಚಿತ್ರ ನಡೆದಿತ್ತು. ಅವನ ತಾಯಿ ಭಾಗಮ್ಮ, ಬಂದವರಿಗೆಲ್ಲ ಮೊಮ್ಮಗಳನ್ನು ಎತ್ತಿ ತೋರಿಸುತ್ತಿದ್ದವಳು, ಈಗ ಬಾಗಿಲಲ್ಲೇ ನಿಂತು "ಮಗು ಮಲಗಿದೆ" ಎಂದು ಕಳಿಸುತ್ತಿದ್ದಳು. ಒಳಗೆ ಮಗು ಕೇಕೆ ಹಾಕುತ್ತಿದ್ದರೂ ಅದೇ ಮಾತು. ಅದೃಷ್ಟ ನಮ್ಮ ಕಡೆಗಿದೆ ಎಂದುಕೊಂಡ ಧರ್ಮೇಶ ಅದರ ಬಗ್ಗೆ ಹೆಚ್ಚು ಯೋಚಿಸಲಿಲ್ಲ.

ಕೆಳಗಿನ ಹಲ್ಲು ಮಾತ್ರ ಬರಲಿಲ್ಲ, ತಿಮ್ಮಮ್ಮ ಬಂದಳು. ಜೊತೆಗೆ ಹುಡುಗಿಯ ಅಪ್ಪ ಕೃಷ್ಣಪ್ಪ ಮತ್ತು ಮಂಜಯ್ಯ. "ನಾನೂ ನೋಡ್ಬೇಕಲ್ಲ" ಎಂದು ಹಟ ಹಿಡಿದು ಪವಿತ್ರಾ ಕೂಡ ಬಂದಿದ್ದಳು. ಗಿರಿ ಇಸ್ತ್ರಿ ಮಾಡಿದ ಅಂಗಿಯೊಳಗೆ ಬೆವರುತ್ತಾ ಕೂತಿದ್ದ. ಅಂಗಿಯ ಜೇಬಿನಲ್ಲಿ ಮಾತ್ರೆಯ ಪಟ್ಟಿ ಎದ್ದು ಕಾಣುತ್ತಿತ್ತು. ಹಲ್ವ, ಚಕ್ಕುಲಿ, ಕಾಫಿ ಬಂತು. ಅರುಣಾ ಮಗುವಿನ ಮುಖವನ್ನು ತನ್ನ ಭುಜಕ್ಕೆ ಒತ್ತಿ ಹಿಡಿದು ಮೂಲೆಯಲ್ಲಿ ನಿಂತಿದ್ದಳು. ಒಂದು ಗಳಿಗೆ ಎಲ್ಲ ಚೆನ್ನಾಗಿಯೇ ನಡೆಯಿತು.

ಆಮೇಲೆ ಗಿರಿ ಸೀನಿದ.

ಮಗುವಿನ ಮೈ ಕುಲುಕಿತು. ಅರುಣಾ ಇನ್ನಷ್ಟು ಗಟ್ಟಿಯಾಗಿ ಒತ್ತಿ ಹಿಡಿದಳು. ಸೆರಗಿನ ಒಳಗಿನಿಂದ ಹುಕ್ ಹುಕ್ ಎಂದು ಉಸಿರು ಕಟ್ಟಿದಂಥ ಶಬ್ದ ಬಂತು, ಪುಟ್ಟ ಕಾಲುಗಳು ಪಟಪಟನೆ ಬಡಿದವು. ತಿಮ್ಮಮ್ಮ ಮಂಜಯ್ಯನ ಕಡೆ ನೋಡಿದಳು. ಮಂಜಯ್ಯ ತಲೆ ತಗ್ಗಿಸಿದ. ಕೃಷ್ಣಪ್ಪ ಅರ್ಧ ಕುಡಿದ ಕಾಫಿಯನ್ನು ಕೆಳಗಿಟ್ಟ.

"ನೋಡವ್ವಾ" ಎಂದಳು ತಿಮ್ಮಮ್ಮ, ಅರುಣಾಳಿಗೆ, ನಿಜವಾದ ಮರುಕದಿಂದ. "ಮುಚ್ಚಿಡಬೇಡ. ಮಗೂಗೆ ಹಿಂಗೆ ಆಗಾಗ ಬರತ್ತಾ?"

"ಏನು ಬರೋದು?" ಎಂದಳು ಅರುಣಾ ಬೆಪ್ಪಾಗಿ.

"ನಮಗೂ ಸುದ್ದಿ ಮುಟ್ಟಿದೆ. ಕೂರಲ್ಲ, ನಗಲ್ಲ, ಯಾರನ್ನೂ ಗುರ್ತು ಹಿಡಿಯಲ್ಲ ಅಂತ. ದೇವ್ರು ಕೊಟ್ಟಿದ್ದು, ಯಾರನ್ನ ಅನ್ನೋದು? ಆದ್ರೆ ಅಕ್ಕನ ಮಗೂಗೆ ಇರೋದು ನಾಳೆ ತಮ್ಮನ ಮಕ್ಕಳಿಗೂ ಬಂದ್ರೆ? ನಾವು ಹೆಣ್ಣು ಕೊಡೋರು. ಸ್ವಲ್ಪ ಯೋಚ್ನೆ ಮಾಡಿ ಹೇಳ್ತೀವಿ." ತಿಮ್ಮಮ್ಮ ಎಲೆಅಡಿಕೆ ಚೀಲದ ಬಾಯಿ ಕಟ್ಟಿದಳು.

ಸುಮ್ಮನಿದ್ದರೆ ಸಂಬಂಧ ಹೋಯಿತು, ಮಾತಾಡಿದರೂ ಹೋಯಿತು. ಈ ಲೆಕ್ಕ ಬೇರೆಯವರಿಗೆ ಹೊಳೆಯುತ್ತಿತ್ತೇನೋ, ಧರ್ಮೇಶನಿಗೆ ಹೊಳೆಯಲಿಲ್ಲ. ಅವನ ಕಿವಿಯಲ್ಲಿ 'ನಗಲ್ಲ' ಎಂಬ ಒಂದೇ ಮಾತು ಉಳಿದಿತ್ತು. ಇಷ್ಟು ದಿನ ತಡೆದಿಟ್ಟುಕೊಂಡ ಹೆಮ್ಮೆಯೆಲ್ಲ ಒಟ್ಟಿಗೆ ಗಂಟಲಿಗೆ ಬಂತು.

"ಯಾರು ಹೇಳಿದ್ದು ನನ್ನ ಮಗಳು ನಗಲ್ಲ ಅಂತ?" ಎಂದು ಎದ್ದು ನಿಂತ. "ನಗೋದ್ರಲ್ಲಿ ಈ ತಾಲ್ಲೂಕಲ್ಲೇ ಅವಳನ್ನ ಮೀರಿಸೋರು ಇಲ್ಲ! ಕೂರ್ತಾಳೆ, ತೆವಳ್ತಾಳೆ, ರಿವರ್ಸ್ ಹೋಗ್ತಾಳೆ! ಅಮ್ಮ ಬೈದ್ರೆ ತಿರುಗಿ ಬೈತಾಳೆ! ಧಣಿಗಳನ್ನ ನೋಡೇ ನಕ್ಕವಳು ಅವಳು! ಹಲ್ಲೂ ಬಂದಿದೆ, ತಿಳ್ಕೊಳ್ಳಿ! ಮೇಲಿಂದೇ ಬಂದಿದೆ! ನೋಡಿ!"

ಹೆಂಡತಿಯ ತೋಳಿನಿಂದ ಮಗಳನ್ನು ಎತ್ತಿಕೊಂಡು ಎಲ್ಲರ ಎದುರು ತಿರುಗಿಸಿ ಹಿಡಿದ. ಧನ್ಯಶ್ರೀ ಕಣ್ಣು ಮಿಟುಕಿಸಿ ಸುತ್ತ ನೋಡಿದಳು. ತಿಮ್ಮಮ್ಮ, ಕೃಷ್ಣಪ್ಪ, ಮಂಜಯ್ಯ, ಗಿರಿ. ಇಷ್ಟೊಂದು ಗಂಭೀರ ಮುಖಗಳು ಒಂದೇ ಕಡೆ ಅವಳಿಗೆ ಹುಟ್ಟಿದಾಗಿನಿಂದ ಸಿಕ್ಕಿರಲಿಲ್ಲ. ಬಾಯಿ ಅಷ್ಟಗಲ ತೆರೆದು ನಗತೊಡಗಿದಳು. ಮೇಲಿನ ವಸಡಿನಲ್ಲಿ ಆ ಹಲ್ಲು ಬೆಳ್ಳಗೆ ಮಿನುಗಿತು.

ಅರುಣಾ ತಲೆಯ ಮೇಲೆ ಕೈಹೊತ್ತು ಚಾಪೆಯ ಮೇಲೆ ಕೂತಳು. ಅಡುಗೆಮನೆಯ ಬಾಗಿಲಿನಿಂದ ಭಾಗಮ್ಮ ಸೌಟು ಹಿಡಿದೇ ಹೊರಗೆ ಬಂದಳು.

"ಹಾಳಾದವ್ನೇ! ದಿನಾ ಎಣ್ಣೆ ಹಚ್ಚಿ ನೀರು ಹಾಕೋಳು ನಾನು. ನಿಂಗಿಂತ ಮುಂಚೆ ನೋಡಿ ಬಾಯಿ ಮುಚ್ಕೊಂಡು ಕೂತಿದ್ದೆ. ನಿಂಗೆ ಗೊತ್ತಾದ್ರೆ ಊರಿಗೆಲ್ಲ ಡಂಗುರ ಅಂತ ಬಂದೋರನ್ನೆಲ್ಲ ಬಾಗಿಲಿಂದಾನೇ ಕಳಿಸ್ತಿದ್ದೆ!"

"ಅತ್ತೆ, ನಿಮಗೂ ಗೊತ್ತಿತ್ತಾ?" ಎಂದಳು ಅರುಣಾ.

ಒಂದೇ ಹಲ್ಲನ್ನು ಮಗ-ಸೊಸೆ ತಾಯಿಯಿಂದ, ತಾಯಿ ಮಗ-ಸೊಸೆಯಿಂದ ಬಚ್ಚಿಟ್ಟಿದ್ದರ ಚಂದ ನೋಡುವಷ್ಟು ಪುರುಸೊತ್ತು ಆಗ ಯಾರಿಗೂ ಇರಲಿಲ್ಲ. ಎಲ್ಲರ ಕಣ್ಣೂ ಗಿರಿಯ ಮೇಲಿತ್ತು. ಅವನ ಮುಖ ಸುಣ್ಣ ಬಳಿದ ಗೋಡೆಯಾಗಿತ್ತು.

"ಮೇಲಿಂದಾ?" ಎಂದ. "ಬಂದು ಎಷ್ಟು ದಿನ ಆಯ್ತು ಭಾವ?"

"ಆಯ್ತಪ್ಪ, ಒಂದೆರಡು ವಾರ."

"ಅದಕ್ಕೇ ನಂಗೆ ಎಡಗಡೆ ಹಿಡ್ಕೊಂಡಿದ್ದು" ಎಂದು ಗಿರಿ ಎದೆ ಒತ್ತಿಕೊಂಡ. ಆದರೂ ಕಣ್ಣಾರೆ ನೋಡದೆ, ಕೈಯಾರೆ ಮುಟ್ಟದೆ ನಂಬುವುದು ಬೇಡವೆನಿಸಿತೋ ಏನೋ, ತೂರಾಡುತ್ತಾ ಬಂದು ಅಕ್ಕನ ಮಗಳ ಬಾಯಿಯೊಳಗೆ ತೋರುಬೆರಳು ಇಟ್ಟ. ಅವನ ಮುಖದಷ್ಟು ಗಂಭೀರವಾದ ಮುಖವನ್ನು ಧನ್ಯಶ್ರೀ ಅಷ್ಟು ಹತ್ತಿರದಿಂದ ನೋಡಿರಲಿಲ್ಲ. ನಗು ನಿಲ್ಲಿಸಿದಳು, ಯೋಚಿಸಿದಳು, ಕಟಕ್ಕನೆ ಕಚ್ಚಿದಳು.

"ಅಯ್ಯಯ್ಯೋ ಸತ್ತೆ!" ಎಂದು ಗಿರಿ ಕಿರುಚಿದ ಕೂಗಿಗೆ ಅಂಗಳದ ಕೋಳಿಗಳು ಚೆಲ್ಲಾಪಿಲ್ಲಿಯಾದವು.

ಎದ್ದು ನಿಂತಿದ್ದ ತಿಮ್ಮಮ್ಮ ತಿರುಗಿದಳು. "ರಕ್ತ ಬಂತಾ?" ಎಂದು ಕೇಳಿದಳು. ಅವಳ ದನಿಯಲ್ಲಿ ಏನೋ ಹೊಳೆದವರ ಆತುರವಿತ್ತು.

ಅಲ್ಲಿಯವರೆಗೆ ನೆಲ ನೋಡುತ್ತಾ ಕೂತಿದ್ದ ಪವಿತ್ರಾ ಸರಕ್ಕನೆ ಎದ್ದು ಬಂದು, ಗಿರಿಯ ಕೈ ಹಿಡಿದು ಬೆರಳು ನೋಡಿದಳು. ಪಕ್ಕದಲ್ಲೇ ಇದ್ದ ಧರ್ಮೇಶನೂ ನೋಡಿದ. ಚರ್ಮದ ಮೇಲೆ ಸಣ್ಣದೊಂದು ತಗ್ಗು ಬಿದ್ದು ಕೆಂಪಾಗಿತ್ತು, ಅಷ್ಟೇ. ರಕ್ತದ ಸುಳಿವೂ ಇರಲಿಲ್ಲ.

"ಬಂದಿದೆ ಅಜ್ಜಿ. ಚೆನ್ನಾಗೇ ಬಂದಿದೆ" ಎಂದಳು ಪವಿತ್ರಾ. ಚೀಲದಿಂದ ಹತ್ತಿ, ಪಟ್ಟಿ ತೆಗೆದು ಯಾರೂ ನೋಡುವ ಮುಂಚೆ ಬೆರಳಿಗೆ ಸುತ್ತಿಬಿಟ್ಟಳು. ಸುತ್ತುತ್ತಾ ಒಮ್ಮೆ ತಲೆಯೆತ್ತಿ ಧರ್ಮೇಶನ ಕಣ್ಣಲ್ಲಿ ಕಣ್ಣಿಟ್ಟು ನೋಡಿದಳು. ಧನ್ಯಶ್ರೀ ಕೆನ್ನೆ ಹಿಂಡಲು ಬಂದವರನ್ನು ನೋಡುವ ಹಾಗೆಯೇ ಇತ್ತು ಆ ನೋಟ.

"ಬಂತಲ್ಲ, ಇನ್ನೇನು?" ಎಂದಳು ತಿಮ್ಮಮ್ಮ, ಮತ್ತೆ ಕೂತು ಚೀಲದ ದಾರ ಬಿಚ್ಚುತ್ತಾ. "ಆ ಹಲ್ಲಿಂದ ಮಾವನಿಗೆ ಆಗಬೇಕಾದ ಕಂಟಕ ಆಗಿಹೋಯ್ತು. ರಕ್ತ ಹೋದ್ಮೇಲೆ ದೋಷ ಇಲ್ಲ. ಅಲ್ವಾ ಭಾಗಮ್ಮ?"

"ಹೌದೌದು, ನಮ್ಮ ಅಜ್ಜೀನೂ ಹಂಗೇ ಹೇಳ್ತಿದ್ರು" ಎಂದಳು ಭಾಗಮ್ಮ. ಅವಳ ಅಜ್ಜಿ ಅವಳು ಹುಟ್ಟುವ ಮೊದಲೇ ತೀರಿಕೊಂಡಿದ್ದಳು. "ಇಂಥ ಚೂಟಿ ಮಗೂನ ಕಾಯಿಲೆ ಅಂದ್ರಲ್ಲಪ್ಪಾ" ಎಂದು ತಿಮ್ಮಮ್ಮ ಮಂಜಯ್ಯನ ತಲೆಗೆ ಮೊಟಕಿದಳು. ಕೃಷ್ಣಪ್ಪ ತಣ್ಣಗಾದ ಕಾಫಿಯನ್ನು ಮತ್ತೆ ಕೈಗೆತ್ತಿಕೊಂಡ.

ಗಿರಿ ಮಾತ್ರ ಪಟ್ಟಿ ಸುತ್ತಿದ ಬೆರಳನ್ನು ದೀಪದ ಹಾಗೆ ಎತ್ತಿ ಹಿಡಿದು ನಿಂತಿದ್ದ. "ಹಂಗಾದ್ರೆ ನಂಗೆ ಇನ್ಯಾವ ಕಂಟಕಾನೂ ಬಾಕಿ ಇಲ್ವಾ?" ಎಂದು ಎಲ್ಲರನ್ನೂ ಒಟ್ಟಿಗೆ ಕೇಳಿದ.

"ನಾನೊಬ್ಳು ಬಾಕಿ ಇದೀನಿ" ಎಂದಳು ಪವಿತ್ರಾ.

ಒಂದು ಕ್ಷಣ ಯಾರಿಗೂ ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಎದ್ದ ನಗುವಿನಲ್ಲಿ ಧನ್ಯಶ್ರೀಯ ಕೇಕೆಯೂ ಕೇಳದಾಯಿತು. ಗಿರಿಯ ಕೆನ್ನೆಗೆ ರಕ್ತ ಏರಿತು. ಮಂಜಯ್ಯ ಎಲೆಅಡಿಕೆಯ ತಟ್ಟೆ ಎಲ್ಲಿದೆ ಎಂದು ಕೂಗತೊಡಗಿದ. ಧರ್ಮೇಶನಿಗೆ ಮಗಳ ಮೇಲೆ ಎಷ್ಟು ಪ್ರೀತಿ ಉಕ್ಕಿತೆಂದರೆ ಅವಳನ್ನು ಕೆಳಗಿಳಿಸಲೇ ಇಲ್ಲ. ತಿಮ್ಮಮ್ಮನೇ ಎದ್ದು ಬಂದು "ಎಲ್ಲಿ ಮಾರಾಯ, ಆ ಹಲ್ಲನ್ನ ಇನ್ನೊಂದ್ಸಲ ತೋರ್ಸು" ಎಂದಾಗ, ತುಟಿ ಎತ್ತಿ, ಬೆಳಕಿಗೆ ಹಿಡಿದು, ಸಾವಕಾಶವಾಗಿ ತೋರಿಸಿದ.

ತಟ್ಟೆ ತರಲು ಧರ್ಮೇಶ ಒಳಗೆ ಹೋದಾಗ ಅರುಣಾ ಅವನ ತೋಳು ಹಿಡಿದು ನಿಲ್ಲಿಸಿದಳು. ಕಣ್ಣು ಒದ್ದೆಯಾಗಿದ್ದವು, ಮುಖದಲ್ಲಿ ನಗುವಿತ್ತು. "ಪಾ‍ಪ, ಅವನಿಗೆ ತುಂಬಾ ರಕ್ತ ಬಂತೇನ್ರೀ?" ಎಂದು ಕೇಳಿದಳು.

ಹೇಳಿಬಿಡಲೇ ಎಂದು ಅವನ ನಾಲಿಗೆ ಒಮ್ಮೆ ತುರಿಸಿತು.

"ಬಂತು ಮಾರಾಯ್ತಿ" ಎಂದ ಧರ್ಮೇಶ. "ನಾನೇ ಕಣ್ಣಾರೆ ನೋಡ್ದೆ."